ರೋಗ ಹುಡುಕುವವನ ಹಿತ್ತಿಲು

ಅಡುಗೆಮನೆಯ ಚಾಕು ಹಿಡಿದು ಹಿತ್ತಿಲಿಗೆ ಬಂದ ಸೀಮ್ ಕಿಟಕಿಯ ಕೆಳಗೆ ಬಗ್ಗಿದ. ಕೊಯ್ಯಬೇಕಾದ ಹೂವು ಅಲ್ಲಿರಲಿಲ್ಲ. ಹೂವಿದ್ದ ಜಾಗದಲ್ಲಿ ಒಂದು ಕುಳಿ ಇತ್ತು. ಅಚ್ಚುಕಟ್ಟಾದ ಕುಳಿ, ಅಂಚು ನೇರ, ಒಳಗಿನ ಮರಳುಮಣ್ಣು ಇನ್ನೂ ತೇವ. ಸುತ್ತಲಿದ್ದ ಟ್ಯೂಲಿಪ್‌ಗಳ ಹೂವು ಹೋದ ವಾರವೇ ಮುಗಿದು ಬರೀ ಹಸಿರು ದಂಟುಗಳಷ್ಟೇ ಉಳಿದಿದ್ದವು. ಅವುಗಳ ಒಂದು ಎಲೆಯೂ ಮುರಿದಿರಲಿಲ್ಲ. ಕಸುಬು ಬಲ್ಲ ಕೈಯೇ ತೆಗೆದ ಕುಳಿ.

"ಏನಣ್ಣ, ಬೆಳಿಗ್ಗೆ ಬೆಳಿಗ್ಗೇನೆ ಚಾಕು ಹಿಡ್ಕೊಂಡು ಯಾರನ್ನ ಕೊಲ್ಲೋಕೆ ಹೊರಟೆ?"

ತಮ್ಮ ಆರಿ. ಮೊದಲ ಬಸ್ಸಿಗೇ ಬಂದಿದ್ದಾನೆ. ಕಪ್ಪು ಕೋಟು ಬೇಲಿಯ ಗೂಟಕ್ಕೆ ನೇತಾಡುತ್ತಿತ್ತು. ತೋಳು ಮಡಚಿ, ಮರದ ಹಲ್ಲಿನ ಹಲುಬೆ ಹಿಡಿದು ಚಿಪ್ಪಿನ ದಾರಿಯನ್ನು ಹದ ಮಾಡುತ್ತಿದ್ದ. ಹಿತ್ತಿಲ ಬಾಗಿಲಿನಿಂದ ಬೀದಿಯ ಗೇಟಿನವರೆಗೆ ಸಮುದ್ರದ ಚಿಪ್ಪಿನ ಪುಡಿ ಹಾಸಿದ ಆ ದಾರಿಯನ್ನು ಸಾವಿನ ದಿನ ಎರಡು ಸಲ ಕೆರೆಯಬೇಕು. ಹೆಣ ಹೊರಡುವ ಮೊದಲು ಒಮ್ಮೆ, ಹೊತ್ತವರ ಕಾಲು ಹಸನಾದ ನೆಲದ ಮೇಲೆ ಬೀಳಲಿ ಎಂದು. ಮಣ್ಣಾದ ಮೇಲೆ ಇನ್ನೊಮ್ಮೆ, ಹೋದವರು ಹೆಜ್ಜೆ ಗುರುತು ಹಿಡಿದು ವಾಪಸು ಬಾರದಿರಲಿ ಎಂದು. ಮನೆಯ ಕಿರಿಯನ ಕೆಲಸ ಅದು. ಅರವತ್ತೊಂದು ತುಂಬಿದರೂ ಈ ಮನೆಗೆ ಆರಿಯೇ ಕಿರಿಯ.

"ಇಲ್ಲಿತ್ತಲ್ಲ..." ಸೀಮ್ ಕುಳಿಯ ಕಡೆ ಚಾಕು ತೋರಿಸಿದ.

ಆರಿ ಹತ್ತಿರ ಬಂದು ದನಿ ತಗ್ಗಿಸಿದ. ಉಕ್ಕಿನ ಕಾರ್ಖಾನೆಯ ಸದ್ದಿಗೆ ಅವನ ಎಡಗಿವಿ ಮಂದವಾಗಿತ್ತು. ತಗ್ಗಿಸಿದ ದನಿಯೂ ಬೇಲಿಯಾಚೆ ಕೇಳುವಷ್ಟಿತ್ತು. "ನಾನೇ ತೆಗ್ದೆ. ಪುಣ್ಯಕ್ಕೆ ಮೊದಲು ನನ್ ಕಣ್ಣಿಗೆ ಬಿತ್ತು ಕಣೋ. ಇನ್ನೇನು ಗೆರ್ಲೋಫ್ ಬರ್ತಾನೆ, ಊರಿಗೂರೇ ಬರುತ್ತೆ. ರೋಗ ಹುಡುಕೋ ಸೀಮ್‌ನ ಹಿತ್ತಿಲಲ್ಲೇ ರೋಗದ ಗಿಡ ನಿಂತಿದೆ ಅಂತ ಸಾಯೋವರೆಗೂ ಆಡ್ಕೊಳ್ತಿದ್ರು. ಅತ್ತಿಗೆ ಹಾಸಿಗೆ ಹಿಡಿದ ಮೇಲೆ ನೀನು ಈ ಕಡೆ ತಲೆ ಹಾಕಿಲ್ಲ ಅಂತ ಕಾಣುತ್ತೆ."

"ಎಲ್ಲಿ ಹಾಕ್ದೆ?"

"ಎಲ್ಲಿ ಹಾಕ್ತಾರೆ? ಮುಚ್ಚಳದ ಬಕೆಟ್ಟಿಗೆ. ಮರಿಗೆಡ್ಡೆ ಒಂದೂ ಬಿಟ್ಟಿಲ್ಲ, ಬೇಕಾದ್ರೆ ಕೈ ಹಾಕಿ ನೋಡು. ಕಲಿಸಿದೋನು ನೀನೇ ತಾನೆ?" ಆರಿ ನಕ್ಕ. ನಗುವಿನ ಮಧ್ಯೆಯೇ ಅವನ ಗದ್ದ ನಡುಗಿತು. "ಅತ್ತಿಗೆಗೆ ಇಷ್ಟಾದ್ರೂ ಮಾಡೋಕಾಯ್ತಲ್ಲ. ಹೋಗು, ಕುತ್ತಿಗೆಗುಂಡಿ ಹಾಕ್ಕೊ. ಮದುವೆಗೂ ಹೀಗೇ ಬಂದಿದ್ದೆ ನೀನು, ಗುಂಡಿ ತಪ್ಪಿಸಿ."

ಸೀಮ್ ಗುಂಡಿ ಹಾಕಿಕೊಂಡ. ಚಾಕು ಒಳಗಿಟ್ಟ. ಎದೆಯ ಒಂದು ಮೂಲೆ ಹಗುರಾಗಿತ್ತು. ನಾಚಿಕೆಗೆಟ್ಟ ಆ ಹಗುರವನ್ನು ಅವನು ಗುರುತಿಸಿದ. ಹೂವಿಲ್ಲ, ಇನ್ನು ಹೇಳಬೇಕಾಗಿಲ್ಲ.

*

ಈ ಊರಿನಲ್ಲಿ ಟ್ಯೂಲಿಪ್ ಬೆಳೆಯುವವರು ಹೂವಿಗಾಗಿ ಬೆಳೆಯುವುದಿಲ್ಲ, ಗೆಡ್ಡೆಗಾಗಿ ಬೆಳೆಯುತ್ತಾರೆ. ಹೂವು ಅರಳುವುದು ಬಣ್ಣ ಸರಿಯಿದೆಯೇ ಎಂದು ನೋಡಲಿಕ್ಕಷ್ಟೇ. ನೋಡಿಯಾದ ಮೇಲೆ ತಲೆ ಚಿವುಟಿ ಕಾಲುವೆಯ ದಂಡೆಗೆ ಸುರಿಯುತ್ತಾರೆ. ಆ ರಾಶಿ ಕೊಳೆಯುವ ಸಿಹಿ ವಾಸನೆ ಮೇ ತಿಂಗಳಿಡೀ ಊರಿನ ಒಗೆದ ಬಟ್ಟೆಗೂ ಅಂಟಿಕೊಂಡಿರುತ್ತದೆ. ಸೀಮ್‌ನ ಕೆಲಸ ತಲೆ ಚಿವುಟುವ ಮುಂಚಿನದು. ಸೂರ್ಯನಿಗೆ ಬೆನ್ನು ಮಾಡಿ, ಹೆಗಲಿಗೆ ಚೀಲ ತೂಗುಹಾಕಿ, ಸಾಲುಗಳ ನಡುವೆ ಬಗ್ಗಿ ನಡೆಯಬೇಕು. ಹತ್ತು ಸಾವಿರ ಕೆಂಪು ಹೂಗಳ ನಡುವೆ ಒಂದರ ಪಕಳೆಯಲ್ಲಿ ಬಿಳಿ ಗೆರೆ, ಬೆಂಕಿ ನಾಲಗೆಯ ಹಾಗೆ ಮೇಲೆದ್ದ ಪಟ್ಟೆ ಕಂಡರೆ ಅದು ರೋಗ. ಅದರ ರಸ ಹೀರಿದ ಗಿಡಹೇನು ಪಕ್ಕದ ಗಿಡಕ್ಕೆ ಹಾರಿದರೆ ಮುಂದಿನ ವರ್ಷ ಅದೂ ಪಟ್ಟೆ. ಕಂಡದ್ದನ್ನು ಗೆಡ್ಡೆ ಸಮೇತ ಕಿತ್ತು ಚೀಲಕ್ಕೆ ಹಾಕಬೇಕು. ಪೇಟೆಯವರು ಅಂಥ ಹೂವಿನ ಮುಂದೆ ನಿಂತು ಪಟ ತೆಗೆಸಿಕೊಳ್ಳುತ್ತಾರೆ. ಇಲ್ಲಿಯವರು ಅದನ್ನು ಕಂಡರೆ ಕುಷ್ಠ ಕಂಡ ಹಾಗೆ ಹಿಂದೆ ಸರಿಯುತ್ತಾರೆ.

ಮೂವತ್ತೊಂದು ವರ್ಷದ ಹಿಂದಿನ ಮಾತು. ಒಂಬತ್ತು ವರ್ಷದ ಮಗಳು ಗ್ರೀಟ್ ಅಪ್ಪನ ಚೀಲಕ್ಕೆ ಕೈಹಾಕಿದ್ದಳು.

"ಅಪ್ಪಾ, ಚೆನ್ನಾಗಿರೋದನ್ನೇ ಯಾಕೆ ಕೀಳ್ತೀಯ?"

"ಅದಕ್ಕೆ ಕಾಯಿಲೆ ಮಗಳೇ."

"ಕಾಯಿಲೆ ಇದ್ರೆ ಔಷಧಿ ಕೊಡು."

"ಅದಕ್ಕೆ ಔಷಧಿ ಇಲ್ಲ."

ಹುಡುಗಿ ಒಂದನ್ನು ಏಪ್ರನ್ನಿನೊಳಗೆ ಮುಚ್ಚಿಟ್ಟುಕೊಂಡು ಹೋಗಿ ಅಡುಗೆಮನೆ ಕಿಟಕಿಯ ಕೆಳಗೆ ನೆಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಅವಳಿಗೆ ಗಂಟಲುಮಾರಿ ಬಂತು. ನಾಲ್ಕು ದಿನ. ಐದನೆಯ ದಿನ ಇದೇ ಚಿಪ್ಪಿನ ದಾರಿಯಲ್ಲಿ ಚಿಕ್ಕ ಪೆಟ್ಟಿಗೆ ಹೊರಟಿತು. ಹೊರಲು ಇಬ್ಬರೇ ಸಾಕಾದರು. ಏಪ್ರಿಲ್ ಕೊನೆಗೆ ಪಾತ್ರೆ ತೊಳೆಯುತ್ತಿದ್ದ ಅವನ ಹೆಂಡತಿ ಆಫ್ಯೆ ತಲೆ ಎತ್ತಿದಾಗ, ಕಿಟಕಿಯ ಗಾಜಿಗೆ ಮುಖ ತಾಗಿಸಿಕೊಂಡು ಕೆಂಪು ಬಿಳಿ ಪಟ್ಟೆಯ ಹೂವೊಂದು ನಿಂತಿತ್ತು.

ಸೀಮ್ ಅಭ್ಯಾಸದಂತೆ ಕೈ ಚಾಚಿದ. ಆಫ್ಯೆ ಒದ್ದೆ ಕೈಯಲ್ಲೇ ಅವನ ಮಣಿಕಟ್ಟು ಹಿಡಿದಳು.

"ಮುಟ್ಬೇಡ."

"ಆಫ್ಯೆ, ಒಂದು ಹೇನು ಸಾಕು. ಹಿಂದುಗಡೆ ಪೂರಾ ಹೊಲ—"

"ಒಂದ್ಸಲ ಮಣ್ಣು ಮಾಡಿದ್ದೀನಿ. ಎರಡನೇ ಸಲ ನನ್ ಕೈಲಿ ಆಗಲ್ಲ."

ಅಲ್ಲಿಗೆ ಮಾತು ಮುಗಿಯಿತು. ಪ್ರತಿ ಜೂನ್‌ನಲ್ಲಿ ಎಲೆ ಹಳದಿಯಾದ ಮೇಲೆ ಅವಳು ಅದನ್ನು ಅಗೆದು, ಒಣಗಿಸಿ, ಸಿಗಾರ್ ಡಬ್ಬಿಯಲ್ಲಿ ಅಟ್ಟಕ್ಕೇರಿಸುತ್ತಿದ್ದಳು. ಆಗಾಗ ಮೂಗಿಗೆ ಹಿಡಿದು ಕೊಳೆತಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಅಕ್ಟೋಬರ್‌ನಲ್ಲಿ ಅದೇ ಜಾಗದಲ್ಲಿ, ಗೆಡ್ಡೆಯ ಎತ್ತರದ ಮೂರು ಪಟ್ಟು ಆಳಕ್ಕೆ, ತುದಿ ಮೇಲೆ ಮಾಡಿ ಕೂರಿಸುತ್ತಿದ್ದಳು. ಮೊಗ್ಗಿಗೆ ಬಣ್ಣ ತಿರುಗಿದ ದಿನವೇ ಕೊಯ್ದು ಗ್ರೀಟ್ ಮಲಗುತ್ತಿದ್ದ ಮಾಳಿಗೆಯ ಕೋಣೆಗೆ ಒಯ್ಯುತ್ತಿದ್ದಳು. ಹಾಗಾಗಿ ಬೇಲಿಯಾಚೆಯವರಿಗೆ ಕಂಡದ್ದು ಬರೀ ಎಲೆ. ಈ ವರ್ಷ ಕೊಯ್ಯಲು ಅವಳು ಏಳಲಿಲ್ಲ. ಹೂವು ಪೂರ್ತಿ ಅರಳಿತು.

*

ಹತ್ತು ಗಂಟೆಗೆ ಮನೆ ತುಂಬಿತ್ತು. ಮುಂದಿನ ಕೋಣೆಯಲ್ಲಿ ಪರದೆ ಎಳೆದು ಪೆಟ್ಟಿಗೆ ಇಟ್ಟಿದ್ದರು. ಪಕ್ಕದ ಮನೆಯ ಡೀವರ್ ಕಾಫಿಯ ಕೆಟಲು ಹಿಡಿದು ಸುತ್ತುತ್ತಿದ್ದಳು. ಅಳುವುದನ್ನೂ ಬಡಿಸುವುದನ್ನೂ ಒಟ್ಟಿಗೇ ಮಾಡಬಲ್ಲ ಹೆಂಗಸು.

"ಇವಳ ಜೊತೆ ನಲವತ್ತು ವರ್ಷ ಗೆಡ್ಡೆ ಸುಲಿದಿದ್ದೀನಿ," ಎಂದಳು, ಯಾರಿಗೆ ಎಂದಿಲ್ಲದೆ. "ಒಂದೇ ಬೆಂಚು. ಬೆರಳು ಓಡ್ತಿತ್ತೋ ಬಾಯಿ ಓಡ್ತಿತ್ತೋ ಹೇಳೋಕಾಗ್ತಿರ್ಲಿಲ್ಲ. ನಾನು ಒಂದು ಬುಟ್ಟಿ ಮುಗಿಸೋದ್ರಲ್ಲಿ ಅವಳದ್ದು ಎರಡು, ಜೊತೆಗೆ ಊರಿನ ಮೂರು ಮನೆ ಸುದ್ದಿ."

"ನಮ್ಮನೆ ಸುದ್ದಿ ಅದರಲ್ಲಿ ಎಷ್ಟಿತ್ತು?" ಎಂದ ಗೆರ್ಲೋಫ್. ಊರಿನ ಅರ್ಧ ಹೊಲ ಅವನದು. ಸೀಮ್ ಹೆಚ್ಚು ವರ್ಷ ದುಡಿದದ್ದೂ ಅವನಲ್ಲಿಯೇ.

"ನಿನ್ನ ಹೆಂಡತೀನ ಕೇಳು. ಅರ್ಧ ಅವಳೇ ಹೇಳಿದ್ದು."

ಸಣ್ಣಗೆ ನಗು ಎದ್ದು, ಪೆಟ್ಟಿಗೆಯ ನೆನಪಾಗಿ ಅಡಗಿತು. ಕೇಕಿನ ತುಂಡು ಕಚ್ಚುವ ಸದ್ದಷ್ಟೇ ಉಳಿಯಿತು. ಗಂಡಸರ ಹೆಬ್ಬೆರಳುಗಳೆಲ್ಲ ಹೂವಿನ ತಲೆ ಚಿವುಟಿ ಕಪ್ಪಾಗಿದ್ದವು. ಸೋಪು ಹಾಕಿ ತಿಕ್ಕಿದರೂ ಹೋಗದ ಕಪ್ಪು.

"ಆರಿ, ನೀನು ಏಪ್ರಿಲ್ ಮೇನಲ್ಲಿ ಈ ಕಡೆ ಕಂಡಿದ್ದೇ ಇಲ್ಲವಲ್ಲೋ," ಎಂದ ಗೆರ್ಲೋಫ್. "ಇಪ್ಪತ್ತು ವರ್ಷ ಆಯ್ತೇನೋ."

"ಇಪ್ಪತ್ತೊಂದು." ಆರಿ ಬಟ್ಟಲಿನ ತಳ ನೋಡಿದ. "ಅತ್ತಿಗೆ ಹುಟ್ಟಿದ ಹಬ್ಬಕ್ಕೆ ನವೆಂಬರ್‌ನಲ್ಲಿ ಬರ್ತಿದ್ದೆ. ಹೂವಿನ ಕಾಲದಲ್ಲಿ ಬಸ್ಸು ಹತ್ತೋಕೇ ಆಗ್ತಿರ್ಲಿಲ್ಲ. ಇಲ್ಲೇ ಹಿಂದೆ ಇತ್ತಲ್ಲ ನನ್ನ ಹೊಲ, ಈ ಅಡುಗೆಮನೆ ಬೇಲಿಗೆ ಹತ್ತಿಕೊಂಡು. ಬಂದ್ರೆ ಅದರ ಮುಖ ನೋಡ್ಬೇಕು."

"ನಿನ್ನ ತಪ್ಪೇನಿಲ್ಲ ಬಿಡು. ಗೆಡ್ಡೆ ಮಾರಿದೋನು ಸರಿಯಿರಲಿಲ್ಲ."

"ಇಲ್ಲ, ನಾನೇ ಪೆದ್ದ. ಕಣ್ಣು ಬಿಟ್ಟು ನೋಡಿ ತರ್ಬೇಕಿತ್ತು." ಆರಿ ಅಣ್ಣನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಇವನೊಬ್ಬ ಇದ್ದ. ದಿನವಿಡೀ ನಿನ್ನ ಹೊಲ ನಡೆದು, ಸಂಜೆ ಬಂದು ನನ್ನ ಸಾಲು ನಡೀತಿದ್ದ. ಮೂರು ವರ್ಷ. ಕತ್ತಲಾಗೋವರೆಗೂ ಬಗ್ಗಿ ಬಗ್ಗಿ ಕೀಳ್ತಿದ್ದ. ಯಾವ ಅಣ್ಣ ಮಾಡ್ತಾನೆ ಹಾಗೆ? ಹಾಗಿದ್ದೂ ಮೂರನೇ ಸಲ ತಪಾಸಣೆಯೋರು ಅಷ್ಟನ್ನೂ ತಿರಸ್ಕರಿಸಿ ಹೋದಾಗ, ನನಗಿಂತ ಹೆಚ್ಚು ಅತ್ತಿದ್ದು ಇವನು."

ಸೀಮ್ ಖಾಲಿ ಬಟ್ಟಲನ್ನೇ ಮತ್ತೆ ಬಾಯಿಗೆ ಎತ್ತಿದ. ಡೀವರ್ ಅದನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡಳು.

*

ರೋಗ ಹರಡುವುದಕ್ಕೆ ಒಂದು ಆಕಾರವಿದೆ. ಎಲ್ಲಿಂದ ಶುರುವಾಯಿತೋ ಅಲ್ಲಿ ದಟ್ಟ. ಮುಂದೆ ಹೋದ ಹಾಗೆ ಬೀಸಣಿಗೆಯಂತೆ ಅಗಲವಾಗಿ ತೆಳುವಾಗುತ್ತದೆ. ಆರಿ ಬೇಲಿಯಾಚೆಯ ಹೊಲ ಹಿಡಿದ ಎರಡನೆಯ ವಸಂತದಲ್ಲಿ, ಮಾಳಿಗೆಯ ಕಿಂಡಿಯಿಂದ ನೋಡಿದರೆ ಆ ಬೀಸಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಹಿಡಿ ಇದ್ದದ್ದು ಆಫ್ಯೆಯ ಅಡುಗೆಮನೆಯ ಕಿಟಕಿಯಲ್ಲಿ.

ಸೀಮ್ ಅದನ್ನು ಕಂಡ. ಕಂಡವನು ಅವಳ ಪಾತಿಗೆ ಹೋಗಲಿಲ್ಲ. ತಮ್ಮನ ಹೊಲಕ್ಕೆ ಹೋದ. ಬೇಲಿಯ ಪಕ್ಕದವನ್ನು ಮೊದಲು ಕಿತ್ತ, ಒಂದೂ ಬಿಡದೆ. ಆಮೇಲೆ ದೂರದವನ್ನು ಅಲ್ಲೊಂದು ಇಲ್ಲೊಂದು ಉಳಿಸುತ್ತ ಹೋದ. ಮೂರು ವಸಂತ ಹಾಗೆ ಮಾಡಿದ. ತಪಾಸಣೆಯವರು ಬಂದಾಗ ಹೊಲದಲ್ಲಿ ಆಕಾರವೇ ಇರಲಿಲ್ಲ. ಎಲ್ಲೆಂದರಲ್ಲಿ ಚೆಲ್ಲಿದ ರೋಗ. ಹಾಗಿದ್ದರೆ ಅದು ಕೊಂಡು ತಂದ ಗೆಡ್ಡೆಯಲ್ಲೇ ಇತ್ತು ಎಂದರು. ಆರಿ ತಲೆ ತಗ್ಗಿಸಿ ಒಪ್ಪಿಕೊಂಡ. ಮೂರನೆಯ ಸಲವೂ ತಿರಸ್ಕರಿಸಿದ ಮೇಲೆ ಅಷ್ಟೂ ಬೆಳೆಯನ್ನು ಉತ್ತು ಮುಚ್ಚಿ ಕಾರ್ಖಾನೆಗೆ ಹೋದ.

ಆಫ್ಯೆಗೆ ಎಲ್ಲ ಗೊತ್ತಿತ್ತು. ಕಾರ್ಖಾನೆಗೆ ಹೊರಟ ದಿನ ಆರಿ ಅಡುಗೆಮನೆಗೆ ಬಂದು, "ಅತ್ತಿಗೆ, ನಿಮ್ಮ ಊಟ ತುಂಬಾ ತಿಂದಿದ್ದೀನಿ," ಎಂದಾಗ ಅವಳು ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದಳು.

ಹೋದ ವಾರ, ಮಾತಿಗೊಂದು ಉಸಿರು ಎಳೆಯುತ್ತ ಅವಳು ಹೇಳಿದ್ದು ಇಷ್ಟು: "ಅದನ್ನ ಪೆಟ್ಟಿಗೆ ಮೇಲಿಡು. ಒಳಗಲ್ಲ. ಮೇಲೆ. ಆರಿ ನೋಡ್ಲಿ. ಬಾಯಲ್ಲಿ ಹೇಳೋಕೆ ನನ್ ಕೈಲಿ ಆಗ್ಲಿಲ್ಲ. ನಿನ್ ಕೈಲೂ ಆಗಲ್ಲ, ನನಗೊತ್ತು."

"ಹೂಂ," ಎಂದಿದ್ದ ಸೀಮ್. ಬೆಳಿಗ್ಗೆ ಚಾಕು ಹಿಡಿದು ಹೊರಟಾಗ ಅವನ ಮನಸ್ಸಿನಲ್ಲಿದ್ದದ್ದು ಬೇರೆ. ಬರೀ ಹೂವು ಕೊಯ್ದು ಕೋಟಿನೊಳಗೆ ತಂದು, ಯಾರೂ ಕಾಣದಂತೆ ಅವಳ ಕೈಯಡಿ ಸೇರಿಸಿ ಮುಚ್ಚಿಬಿಡುವುದು.

*

"ಇನ್ನು ಮುಚ್ಚಲೇ?" ಎಂದ ಬ್ರಾಸ್. ಊರಿನ ಹೆಣಗಳನ್ನೆಲ್ಲ ಸಾಗಿಸುವವನು ಅವನೇ. "ಏನಾದರೂ ಒಳಗೆ ಇಡುವುದಿದ್ದರೆ ಈಗಲೇ ಇಟ್ಟುಬಿಡಿ."

ಸೀಮ್ ಬಗ್ಗಿ ನೋಡಿದ. ಡೀವರ್ ಅವಳ ಕೂದಲನ್ನು ಬೈತಲೆ ತೆಗೆದು ಬಾಚಿದ್ದಳು. ಬದುಕಿದ್ದಾಗ ಆಫ್ಯೆ ಬೈತಲೆ ತೆಗೆದವಳೇ ಅಲ್ಲ. ಬಲಗೈ ಹೆಬ್ಬೆರಳಿನ ಉಗುರು ಗೆಡ್ಡೆ ಸುಲಿದೂ ಸುಲಿದೂ ಬಾಗಿಕೊಂಡಿತ್ತು.

"ಏನಿಲ್ಲ. ಮುಚ್ಚಿ," ಎಂದ.

ತಿರುಪುಗಳನ್ನು ಒಂದೊಂದೇ ತಿರುಗಿಸಿದರು. ಹೊರುವ ಆರು ಜನ ಬಾಗಿಲ ಬಳಿ ಸಾಲಾದರು. ಮುಂದಿನ ಎಡ ಮೂಲೆ ಆರಿಯದು. ಡೀವರ್ ಮುಚ್ಚಳದ ಮೇಲೆ ಬಿಳಿ ಹೂವಿನ ಚಕ್ರವಿಡಲು ಬಂದಳು.

"ತಡಿ," ಎಂದ ಸೀಮ್.

ಅಡುಗೆಮನೆ ದಾಟಿ ಹೋದ. ಹೊರಗೆ ಬಕೆಟ್ಟಿನ ಮುಚ್ಚಳ ಕಲ್ಲಿಗೆ ಬಡಿದ ಸದ್ದು ಒಳಗಿನವರಿಗೆಲ್ಲ ಕೇಳಿಸಿತು. ವಾಪಸು ಬಂದಾಗ ಎರಡೂ ಕೈಯಲ್ಲಿ ಆ ಗಿಡವಿತ್ತು. ಬೇರು, ಗೆಡ್ಡೆ, ಮರಿಗೆಡ್ಡೆ, ಬಾಡಿದ ಎಲೆ, ತುದಿಯಲ್ಲಿ ಕೆಂಪು ಬಿಳಿ ನಾಲಗೆಗಳ ಹೂವು. ಮರಳು ಉದುರಿಸುತ್ತ ಅದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಮಲಗಿಸಿದ.

ಕೋಣೆಯ ಗಂಡಸರೆಲ್ಲ ಅರ್ಧ ಹೆಜ್ಜೆ ಹಿಂದೆ ಸರಿದರು.

"ಸೀಮ್," ಎಂದ ಗೆರ್ಲೋಫ್, "ಅದು ರೋಗದ್ದು."

"ಗೊತ್ತು."

"ಅಣ್ಣ, ದುಃಖದಲ್ಲಿ ನಿನಗೆ ತಲೆ..." ಆರಿ ಕೈ ಚಾಚಿದ. "ಕೊಡಿಲ್ಲಿ. ಯಾವುದೋ ಹೇನು ಈ ವರ್ಷ ಬಂದು—"

"ಈ ವರ್ಷದ್ದಲ್ಲ." ಸೀಮ್ ತಮ್ಮನ ಬಲಗಿವಿಯ ಕಡೆ ಬಂದು ನಿಂತ. ಇದು ಎರಡು ಸಲ ಹೇಳುವ ಮಾತಲ್ಲ. "ಗ್ರೀಟ್ ನೆಟ್ಟಿದ್ದು. ಅವಳು ಹೋಗೋ ಹಿಂದಿನ ವರ್ಷ. ಅವತ್ತಿಂದ ಇದು ಆ ಕಿಟಕಿ ಕೆಳಗೇ ಇದೆ."

ಆರಿ ಮೊದಲು ಹೂವನ್ನು ನೋಡಿದ. ಆಮೇಲೆ ಅಡುಗೆಮನೆಗೆ ನಡೆದ. ತೆರೆದ ಬಾಗಿಲಿನಿಂದ ಅವನ ಬೆನ್ನು ಕಾಣುತ್ತಿತ್ತು. ಕಿಟಕಿಯ ಮುಂದೆ ನಿಂತು, ಬೇಲಿಯಾಚೆ ತಲೆ ಚಿವುಟಿಸಿಕೊಂಡು ಹಸಿರಾಗಿ ನಿಂತ ಹೊಲವನ್ನು ನೋಡುತ್ತ, ಬಲಗೈಯನ್ನು ಗಾಜಿಗಿಟ್ಟ. ಮಡಚಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡು ಬೀಸಣಿಗೆಯ ಹಾಗೆ ಅಗಲವಾದವು. ಅಣ್ಣ ಕಲಿಸಿದ ಕಸುಬನ್ನು ಅವನು ಮರೆತಿರಲಿಲ್ಲ.

ಹಿಂತಿರುಗಿ ಬಂದಾಗ ಮುಖದಲ್ಲಿ ಕೋಪವಿರಲಿಲ್ಲ, ಇನ್ನೇನೂ ಇರಲಿಲ್ಲ.

"ಬೇಲಿ ಪಕ್ಕದ್ದು ಮೊದಲು ಕೀಳ್ತಿದ್ದೆ ನೀನು," ಎಂದ.

"ಹೂಂ."

"ಸಂಜೆ ಹೊತ್ತು."

"ಹೂಂ."

"ಅತ್ತಿಗೆಗೂ ಗೊತ್ತಿತ್ತು."

"ಇದನ್ನ ಮೇಲಿಡು ಅಂದಿದ್ದೇ ಅವಳು."

ಬ್ರಾಸ್ ಟೋಪಿ ತಿರುಗಿಸುತ್ತ ಗಡಿಯಾರ ನೋಡಿದ. ಆರಿ ಹೋಗಿ ಮುಂದಿನ ಎಡ ಮೂಲೆಯಲ್ಲಿ ನಿಂತ. ಆರು ಹೆಗಲು ಒಟ್ಟಿಗೇ ಎದ್ದವು.

ಹಲುಬೆಯ ಗೆರೆಗಳ ಮೇಲೆ ಹನ್ನೆರಡು ಕಾಲುಗಳು ಚಿಪ್ಪು ಪುಡಿ ಮಾಡುತ್ತ ಹೊರಟವು. ಬಿಸಿಲಿತ್ತು. ಬಕೆಟ್ಟಿನ ತಂಪಿನಲ್ಲಿ ಮುದುಡಿದ್ದ ಹೂವು ಬಿಸಿಲಿಗೆ ಬಾಯಿ ಬಿಡುತ್ತ, ಕಾಲುವೆಯ ಸೇತುವೆ ಬರುವಷ್ಟರಲ್ಲಿ ಅಂಗಾತ ಅರಳಿತು. ಸೇತುವೆ ಮೇಲೆ ಒಂದು ಪಕಳೆ ಕಳಚಿ ಆರಿಯ ಕೋಟಿನ ಭುಜಕ್ಕೆ ಬಿತ್ತು. ಪೆಟ್ಟಿಗೆ ಹಿಡಿದ ಕೈ ಬಿಡುವಂತಿರಲಿಲ್ಲ. ಸ್ಮಶಾನದವರೆಗೂ ಅದು ಅಲ್ಲೇ ಇತ್ತು.

ಗ್ರೀಟ್‌ಳ ಪಕ್ಕದಲ್ಲೇ ಗುಂಡಿ. ಹಗ್ಗ ಸಡಿಲಿಸುವಾಗಲೂ ಗಿಡವನ್ನು ಯಾರೂ ತೆಗೆಯಲಿಲ್ಲ, ಯಾರೂ ಮುಟ್ಟಲಿಲ್ಲ. ಗೆರ್ಲೋಫ್ ಒಂದು ಹಿಡಿಯ ಬದಲು ಮೂರು ಸನಿಕೆ ಮಣ್ಣು ಹಾಕಿದ, ಸರಿಯಾಗಿ ಅದರ ಮೇಲೆಯೇ.

*

ಚರ್ಚಿನ ಪಕ್ಕದ ಕೋಣೆಯಲ್ಲಿ ಮತ್ತೆ ಕಾಫಿ, ಹ್ಯಾಮ್ ಇಟ್ಟ ಬ್ರೆಡ್ಡು. ಜನ ಬಂದು ಸೀಮ್‌ನ ಕೈ ಕುಲುಕಿದರು, ಎಂದಿಗಿಂತ ಚುಟುಕಾಗಿ. ಎದುರಿನ ಕುರ್ಚಿಯ ಮುಂದೆ ಆರಿಗೆ ಬಗ್ಗಿಸಿಟ್ಟ ಕಾಫಿ ಕೆನೆಗಟ್ಟಿತ್ತು.

"ಆರಿ ಎಲ್ಲಿ?" ಎಂದಳು ಡೀವರ್.

"ದಾರಿ ಕೆರೆಯೋಕೆ ಹೋಗಿರ್ಬೇಕು."

"ಅದಕ್ಕೆ ಇಷ್ಟು ಹೊತ್ತೇ?" ಅಂದಳು. ಕೆಟಲನ್ನು ಮೇಜಿಗಿಟ್ಟು, "ಸೀಮ್, ನಲವತ್ತು ವರ್ಷ ಒಂದೇ ಬೆಂಚಲ್ಲಿ ಕೂತಿದ್ವಿ," ಎಂದಳು. "ಊರ ಸುದ್ದಿ ಎಲ್ಲ ಹೇಳಿದ್ಲು. ಇದೊಂದು ಬಿಟ್ಟು."

ಸೀಮ್ ಒಬ್ಬನೇ ಮನೆಗೆ ನಡೆದ. ಕಾಲುವೆಯ ದಂಡೆಯಲ್ಲಿ ಹೂವಿನ ತಲೆಗಳ ರಾಶಿ ಬಿಸಿಲಿಗೆ ಕಪ್ಪಾಗುತ್ತ ನೊರೆಯಾಡುತ್ತಿತ್ತು. ಗೇಟಿನ ಬಳಿ ಬಂದು ನಿಂತ.

ಕಿಟಕಿಯ ಕೆಳಗಿನ ಪಾತಿ ಪೂರ್ತಿ ಬರಿದಾಗಿತ್ತು. ಹಳದಿ, ಕೆಂಪು, ಬಿಳಿ, ಆಫ್ಯೆ ಇಷ್ಟು ವರ್ಷ ನೆಟ್ಟದ್ದು ಯಾವುದೂ ಉಳಿದಿರಲಿಲ್ಲ. ಒಂದು ರೋಗದ ಗಿಡ ಅಷ್ಟು ಕಾಲ ನಿಂತ ಪಾತಿಯಲ್ಲಿ ಕಸುಬು ಬಲ್ಲವನು ಮಾಡಬೇಕಾದದ್ದು ಅದೇ, ಸೀಮ್‌ನೇ ಕಲಿಸಿದ್ದು. ಎರಡು ಸನಿಕೆ ಆಳಕ್ಕೆ ಅಗೆದು, ಜರಡಿ ಹಿಡಿದು, ಮಣ್ಣನ್ನು ಹಾಸಿಗೆಯ ಹಾಗೆ ಮಟ್ಟ ಮಾಡಲಾಗಿತ್ತು. ಬಾಗಿಲ ಪಕ್ಕ ಬಕೆಟ್ಟು ತುಂಬಿತ್ತು. ಮುಚ್ಚಳ ಕೂರದೆ ಮೇಲೆ ಕಲ್ಲು ಹೇರಲಾಗಿತ್ತು.

ಅಲ್ಲಿಂದ ಗೇಟಿನವರೆಗೆ ಚಿಪ್ಪಿನ ದಾರಿಯನ್ನು ಹಲುಬೆ ನೇರವಾಗಿ ಗೀರಿತ್ತು. ಹೊತ್ತವರ ಹೆಜ್ಜೆಯಿರಲಿಲ್ಲ. ಹಿಮ್ಮುಖವಾಗಿ ನಡೆಯುತ್ತ ತನ್ನ ಹೆಜ್ಜೆಯನ್ನೂ ಅಳಿಸುತ್ತ ಬಂದವನು ಹಲುಬೆಯನ್ನು ಗೇಟಿನ ಹೊರಗೆ, ಬೀದಿಯ ಕಡೆಗೆ ಒರಗಿಸಿ ಹೋಗಿದ್ದ.

ಸೀಮ್ ಗೇಟು ತೆರೆದ. ಒಂದು ಕಾಲು ಎತ್ತಿದವನು, ಎಲ್ಲಿ ಇಡುವುದೆಂದು ತಿಳಿಯದೆ ಹಾಗೇ ನಿಂತ.